ಒತ್ತಿ ಹಿಡಿ

ಹೋದ ವರ್ಷ ಕಾರ್ತಿಕದ ಒಂದು ಭಾನುವಾರ ನಂದಿ ಬೆಟ್ಟ ಇಳಿಯುವಾಗ ಬ್ರೇಕ್ ಪೆಡಲ್ ನನ್ನ ಕಾಲಡಿ ಮೆತ್ತಗಾಯಿತು. ಕಾರಲ್ಲಿ ಐದು ಜನ ಇದ್ದೆವು. ಅಪ್ಪ ಪಕ್ಕದ ಸೀಟಲ್ಲಿ, ಹಿಂದೆ ಅಮ್ಮ, ಅಕ್ಕ, ಅಕ್ಕನ ಮಗ. ಮುಂದೆಯೂ ಹಿಂದೆಯೂ ಬೆಂಗಳೂರಿನಿಂದ ಬಂದ ಕಾರುಗಳ ಸಾಲು. ಒಂದು ತಿರುವಿಗೆ ಉರುಳುವುದು, ನಿಲ್ಲುವುದು, ಮತ್ತೆ ಉರುಳುವುದು. ಇಳಿಯಲು ಶುರು ಮಾಡಿದಾಗಿನಿಂದ ನನ್ನ ಕಾಲು ಬ್ರೇಕ್ ಬಿಟ್ಟು ಎದ್ದಿರಲೇ ಇಲ್ಲ. ಅರ್ಧ ದಾರಿ ಇಳಿದ ಮೇಲೆ ಒಂದು ತಿರುವಿನಲ್ಲಿ ಒತ್ತಿದರೆ, ಪೆಡಲ್ ಹಸಿ ಮಣ್ಣಿನ ಮೇಲೆ ಕಾಲಿಟ್ಟ ಹಾಗೆ ಒಳಗೆ ಹೋಯಿತು.

ಅಪ್ಪನಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. ‘ಗೇರ್ ಇಳಿಸಮ್ಮ. ಪಂಪ್ ಹೊಡಿ, ಎರಡು ಮೂರು ಸಲ’ ಅಂದರು. ದನಿ ಏರಲಿಲ್ಲ. ಮೊದಲನೇ ಗೇರಿಗೆ ಹಾಕಿದೆ. ಪಂಪ್ ಹೊಡೆದೆ. ಮೂರನೇ ಸಲಕ್ಕೆ ಪೆಡಲ್ ಸ್ವಲ್ಪ ಮೇಲೆ ಬಂತು. ಕಾರು ನಿಂತಿತು. ಬಂಡೆ ಕಡೆಗೆ ಸರಿಸಿ, ಚಕ್ರದ ಮುಂದೆ ಕಲ್ಲು ಕೊಟ್ಟು, ಎಲ್ಲರೂ ಇಳಿದೆವು. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು.

ಅರ್ಧ ಗಂಟೆ ಕಾದೆವು. ಆಮೇಲೆ ಒತ್ತಿ ನೋಡಿದರೆ ಪೆಡಲ್ ಏನೂ ಆಗದ ಹಾಗೆ ಗಟ್ಟಿಯಾಗಿತ್ತು! ನನಗೆ ಹೆದರಿಕೆ ಹುಟ್ಟಿಸಿದ್ದು ಬ್ರೇಕ್ ಹೋದದ್ದಕ್ಕಿಂತ ಜಾಸ್ತಿ ಈ ವಾಪಸ್ ಬಂದದ್ದು. ಎಷ್ಟು ಜನ ಹೀಗೆ ಒಂದು ಸಲ ಬೆವರಿ, ಕೆಳಗೆ ಬಂದ ಮೇಲೆ ಸರಿಯಾಯಿತಲ್ಲ ಅಂತ ಟೀ ಕುಡಿದು ಮರೆತಿರುತ್ತಾರೆ? ಮುಂದಿನ ಸಲ ಪಕ್ಕದಲ್ಲಿ ಬಂಡೆಯೇ ಇರಬೇಕು ಅಂತೇನಿಲ್ಲ.

ಆಗಿದ್ದೇನು ಅಂತ ಈಗ ಗೊತ್ತು. ನಾವು ಬ್ರೇಕ್ ಆಯಿಲ್ ಅನ್ನುವುದು ಆಯಿಲ್ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಅದಕ್ಕೆ ನೀರಿನ ಆಸೆ ಜಾಸ್ತಿ. ರಬ್ಬರ್ ಹೋಸ್‌ಗಳ ಮೂಲಕ, ಬಾನೆಟ್ ಕೆಳಗೆ ಅದನ್ನು ತುಂಬಿಡುವ ಡಬ್ಬಿಯ ಮುಚ್ಚಳದ ಸಂದಿನಿಂದ, ಗಾಳಿಯ ತೇವವನ್ನು ವರ್ಷಗಟ್ಟಲೆ ಹೀರಿಕೊಳ್ಳುತ್ತಲೇ ಇರುತ್ತದೆ. ಈ ದ್ರವದ ದರ್ಜೆಯನ್ನು ಡಾಟ್ ಅನ್ನುತ್ತಾರೆ. ಹೊಸ ಡಾಟ್ 4 ದ್ರವ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ಅದರಲ್ಲಿ ನೀರು ನೂರಕ್ಕೆ 3.7 ಪಾಲು ಸೇರಿದರೆ ಸಾಕು, ಈ ಮಿತಿ 155ಕ್ಕೆ ಇಳಿಯುತ್ತದೆ. ಹಳೆಯ ಡಾಟ್ 3 ಆದರೆ 205ರಿಂದ 140ಕ್ಕೆ. ಬೆಟ್ಟ ಇಳಿಯುವಾಗ ಚಕ್ರದ ಜೊತೆ ತಿರುಗುವ ಡಿಸ್ಕ್ ಕಾದು, ಆ ಬಿಸಿ ಅದನ್ನು ಹಿಡಿಯುವ ಪ್ಯಾಡ್ ದಾಟಿ, ಪ್ಯಾಡನ್ನು ಒತ್ತುವ ಕ್ಯಾಲಿಪರ್ ಒಳಗಿನ ದ್ರವಕ್ಕೆ ಮುಟ್ಟುತ್ತದೆ. ಕುದಿಯುತ್ತದೆ. ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡವನ್ನು ಮುಂದೆ ದಾಟಿಸುತ್ತದೆ. ಗುಳ್ಳೆ ಹಾಗಲ್ಲ, ಸುಮ್ನೆ ಕುಗ್ಗುತ್ತದೆ. ನಮ್ಮ ಕಾಲಿನ ಬಲವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದು ಹೋಗುತ್ತದೆ. ತಣ್ಣಗಾದರೆ ಗುಳ್ಳೆ ಮತ್ತೆ ದ್ರವವಾಗುತ್ತದೆ, ಪೆಡಲ್ ಮೇಲೆ ಬರುತ್ತದೆ.

ಬೆಟ್ಟದಲ್ಲಿ ಬ್ರೇಕ್ ಕೈಕೊಡುವ ಇನ್ನೊಂದು ಬಗೆಯೂ ಇದೆ. ಪ್ಯಾಡ್ ಅತಿಯಾಗಿ ಕಾದು ಹಿಡಿತ ಕಳೆದುಕೊಳ್ಳುವುದು. ಆಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಪೆಡಲ್ ಒಳಗೆ ಹೋಯಿತಾ, ಗಟ್ಟಿಯಾಗಿಯೇ ಇತ್ತಾ ಅನ್ನುವುದನ್ನು ಕಾಲು ನೆನಪಿಟ್ಟುಕೊಳ್ಳಬೇಕು.

ನಮ್ಮದು 2017ರ ಸಣ್ಣ ಕಾರು, ಎರಡನೇ ಕೈಯದು. ಕೊಂಡಾಗ ಒಂದು ವರ್ಕ್‌ಶಾಪಿನಲ್ಲಿ ಪೂರ್ತಿ ಸರ್ವಿಸ್ ಮಾಡಿಸಿದ್ದೆ. ಬಿಲ್ಲಿನಲ್ಲಿ ‘ಬ್ರೇಕ್ ಆಯಿಲ್ ಬದಲಾವಣೆ’ ಅಂತ ಬರೆದು ದುಡ್ಡು ತೆಗೆದುಕೊಂಡಿದ್ದರು. ಬಾನೆಟ್ ತೆಗೆದು ನೋಡಿದರೆ ಡಬ್ಬಿಯಲ್ಲಿ ದ್ರವ ತಿಳಿಯಾಗಿಯೇ ಇತ್ತು. ಆದರೆ ಮನೆಗೆ ಬಂದ ಮೇಲೆ ಮುಂದಿನ ಎಡ ಚಕ್ರದಲ್ಲಿ ದ್ರವ ಹೊರಬಿಡುವ ನಿಪ್ಪಲ್ ಸಡಿಲಿಸಿ ನಾಲ್ಕು ಹನಿ ಬಿಳಿ ಬಟ್ಟಲಿಗೆ ಬೀಳಿಸಿದೆ. ಕಾಫಿ ಡಿಕಾಕ್ಷನ್ ಬಣ್ಣ. ಮೇಲಿನ ಡಬ್ಬಿಯದ್ದನ್ನು ಹೀರಿ ಹೊಸದು ಸುರಿದಿದ್ದಾರೆ, ಅಷ್ಟೇ. ಬಿಸಿ ತಿನ್ನುವ ಜಾಗದಲ್ಲಿ ಎಷ್ಟೋ ವರ್ಷದ ಹಳೆಯದೇ ಕೂತಿತ್ತು. ನಾಲ್ಕು ಜನರನ್ನು ಕೂರಿಸಿಕೊಂಡು ನಾನು ಆ ಬಿಲ್ಲನ್ನು ನಂಬಿ ಬೆಟ್ಟ ಹತ್ತಿದ್ದೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಆವತ್ತೇ ತೀರ್ಮಾನ ಮಾಡಿದೆ, ಬ್ರೇಕ್ ದ್ರವ ಬದಲಿಸುವ ಈ ಕೆಲಸ ಮನೆಯಲ್ಲೇ ಮಾಡುವುದು ಅಂತ. ಅದಕ್ಕೆ ಇಬ್ಬರು ಬೇಕು. ಒಬ್ಬರು ಚಕ್ರದ ಹತ್ತಿರ, ಒಬ್ಬರು ಪೆಡಲ್ ಮೇಲೆ. ಪೆಡಲ್‌ಗೆ ಅಪ್ಪ.

ಅಪ್ಪ ಮೂವತ್ತು ವರ್ಷಕ್ಕೂ ಜಾಸ್ತಿ ಗಾಡಿ ಓಡಿಸಿದವರು. ಮೊದಲು ಮೆಟಡೋರ್, ಆಮೇಲೆ ಲಾರಿ. ಚಿಕ್ಕಬಳ್ಳಾಪುರದ ದ್ರಾಕ್ಷಿ, ಹೂಕೋಸು, ಟೊಮೆಟೊ ತುಂಬಿಕೊಂಡು ರಾತ್ರಿ ಹೊರಟರೆ ಬೆಳಗಿನ ಹೊತ್ತಿಗೆ ಚೆನ್ನೈ ಮಾರ್ಕೆಟ್ಟು. ನಾನು ಇದನ್ನೆಲ್ಲ ವಿವರಿಸಿದಾಗ ಅವರು ಹಿಡಿದುಕೊಂಡಿದ್ದು ನೀರಿನ ಮಾತನ್ನು. ‘ಲಾರಿಯಲ್ಲೂ ಅದೇ ಕಣಮ್ಮ’ ಅಂದರು. ಲಾರಿಯದು ಏರ್ ಬ್ರೇಕ್, ಗಾಳಿಯೇ ಕೆಲಸ ಮಾಡುವುದು. ದಿನಾ ಹೊರಡುವ ಮುಂಚೆ ಏರ್ ಟ್ಯಾಂಕಿನ ಕೆಳಗಿನ ಕಾಕ್ ತೆಗೆದು ಒಳಗೆ ನಿಂತ ನೀರನ್ನು ಬಿಡುತ್ತಿದ್ದರಂತೆ. ಚಿಕ್ಕವಳಿದ್ದಾಗ ಆ ಬುಸ್ ಅನ್ನುವ ಸದ್ದಿಗೆ ನಾನು ಎದ್ದು ಕೂರುತ್ತಿದ್ದದ್ದು ನೆನಪಿದೆ. ಲಾರಿಗೆ ಗಾಳಿ ಬೇಕು, ನೀರು ಬೇಡ. ಕಾರಿಗೆ ಗಾಳಿಯೂ ಬೇಡ, ನೀರೂ ಬೇಡ.

ಬಿ.ಬಿ. ರಸ್ತೆಯ ಅಂಗಡಿಯಲ್ಲಿ ಅರ್ಧ ಲೀಟರಿನ ಎರಡು ಡಾಟ್ 4 ಬಾಟಲಿ ತಂದೆ. ಸೀಲ್ ಒಡೆಯದ ಬಾಟಲಿಯೇ ಬೇಕು. ತೆರೆದಿಟ್ಟದ್ದು ಅಷ್ಟರಲ್ಲೇ ನೀರು ಕುಡಿದಿರುತ್ತದೆ. ಕಾರಿನ ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿರುತ್ತಾರೆ, ಅದನ್ನೇ ಹಾಕಬೇಕು. ಡಾಟ್ 5 ಅಂತ ಒಂದಿದೆ, ಅದು ಸಿಲಿಕೋನ್. ಹೆಸರು ಒಂದೇ ಸಾಲಿನಲ್ಲಿದ್ದರೂ ಉಳಿದವುಗಳ ಜೊತೆ ಬೆರೆಸುವ ಹಾಗಿಲ್ಲ, ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಇರುವ ಕಾರಿಗೆ ಬೇಡವೇ ಬೇಡ. ಆಮೇಲೆ ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪ್ ಒಂದು ಮೀಟರ್, ನೀರಿನ ಹಳೆ ಬಾಟಲಿ, ನಿಪ್ಪಲ್‌ಗೆ ಸರಿಹೋಗುವ ರಿಂಗ್ ಸ್ಪ್ಯಾನರ್. ಬಾಯಿ ತೆರೆದ ಸ್ಪ್ಯಾನರ್ ಹಾಕಿದರೆ ತುಕ್ಕು ಹಿಡಿದ ನಿಪ್ಪಲ್‌ನ ಮೂಲೆಗಳು ಸವೆದು ದುಂಡಗಾಗುತ್ತವೆ, ಆಮೇಲೆ ಅದನ್ನು ಬಿಚ್ಚಲು ಯಾರಿಂದಲೂ ಆಗುವುದಿಲ್ಲ. ಹಿಂದಿನ ರಾತ್ರಿಯೇ ನಾಲ್ಕಕ್ಕೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ.

ಚಕ್ರಗಳಿಗೆ ಅಪ್ಪ ಸೈಜುಗಲ್ಲು ಕೊಟ್ಟರು. ಜಾಕ್ ಎತ್ತಿದ ಮೇಲೆ ಸ್ಟ್ಯಾಂಡ್ ಕೊಡದೆ ಕಾರಿನ ಪಕ್ಕ ನನ್ನನ್ನು ಕೂರಲು ಬಿಡಲಿಲ್ಲ. ಜಾಕ್ ಕುಸಿದದ್ದನ್ನು ಅವರು ಕಣ್ಣಾರೆ ಕಂಡವರು, ಅದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಪೆಡಲ್ ಕೆಳಗೆ ಒಂದು ಮರದ ತುಂಡನ್ನೂ ಇಟ್ಟೆವು. ಹಳೆ ಕಾರಿನಲ್ಲಿ ಪೆಡಲ್ ಪೂರ್ತಿ ತಳ ಮುಟ್ಟಿದರೆ, ದ್ರವವನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೀಲುಗಳು ದಿನವೂ ಓಡಾಡದ ಒರಟು ಜಾಗಕ್ಕೆ ಹೋಗಿ ಹರಿಯಬಹುದು.

ನಮ್ಮ ಕಾರಿನ ಸರ್ವಿಸ್ ಪುಸ್ತಕದ ಪ್ರಕಾರ ಹಿಂದಿನ ಎಡ ಚಕ್ರದಿಂದ ಶುರು. ಮಾಸ್ಟರ್ ಸಿಲಿಂಡರ್ ಇರುವುದು ಮುಂದೆ ಬಲಗಡೆ, ಅಲ್ಲಿಂದ ಅತಿ ದೂರದ್ದು ಅದೇ. ಎಲ್ಲ ಕಾರಿಗೂ ಇದೇ ಸಾಲು ಅಲ್ಲ. ಎಬಿಎಸ್ ಇರುವ ಕೆಲವು ಕಾರುಗಳಲ್ಲಿ ಬೇರೆ ಇರುತ್ತದೆ, ನಿಮ್ಮ ಕಾರಿನ ಪುಸ್ತಕ ತೆಗೆದು ನೋಡಿ.

ಮಾತು ಮೂರೇ. ‘ಒತ್ತಿ’ ಅಂತ ನಾನು, ‘ಹಿಡಿದೆ’ ಅಂತ ಅಪ್ಪ. ಆಮೇಲೆ ನಾನು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಬೇಕು. ದ್ರವ ಪೈಪಿಗೆ ನುಗ್ಗುತ್ತದೆ, ಪೆಡಲ್ ಇಳಿಯುತ್ತದೆ. ನಾನು ನಿಪ್ಪಲ್ ಬಿಗಿ ಮಾಡಿ ‘ಬಿಡಿ’ ಅನ್ನುವವರೆಗೂ ಅಪ್ಪ ಕಾಲು ಎತ್ತುವ ಹಾಗಿಲ್ಲ. ಎತ್ತಿದರೆ ತೆರೆದ ನಿಪ್ಪಲ್‌ನಿಂದ ಗಾಳಿ ಒಳಗೆ ಹೋಗುತ್ತದೆ.

ಅಪ್ಪ ಎತ್ತಿದರು. ಮೊದಲನೇ ಸಲವೂ, ಎರಡನೇ ಸಲವೂ. ಬೇಕು ಅಂತ ಅಲ್ಲ. ಕಾಲಡಿ ಪೆಡಲ್ ಕುಸಿದ ತಕ್ಷಣ ಅವರ ಕಾಲು ತಾನೇ ಮೇಲೆ ಬಂದು ಮತ್ತೆ ಒತ್ತುತ್ತಿತ್ತು. ಮೆಟಡೋರ್ ಕಾಲದ ಕಾಲು ಅದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಲೈನರ್ ಸವೆದಿದ್ದರೆ ಒಂದೇ ಒತ್ತಿಗೆ ಸಿಗುತ್ತಿರಲಿಲ್ಲ, ಪಂಪ್ ಹೊಡೆದೇ ಬ್ರೇಕ್ ತರಬೇಕಿತ್ತು. ಮಳೆಯಲ್ಲಿ ಜೋರಾಗಿ ಒಂದೇ ಸಮ ಒತ್ತಿದರೆ ಚಕ್ರ ಲಾಕ್ ಆಗಿ ಗಾಡಿ ಜಾರುತ್ತಿತ್ತು, ಅದಕ್ಕೂ ಒತ್ತಿ ಒತ್ತಿ ಬಿಡುವುದೇ ಮದ್ದು. ಆ ಅಭ್ಯಾಸವೇ ಅವರನ್ನು ಇಷ್ಟು ವರ್ಷ ಉಳಿಸಿದೆ. ಬೆಟ್ಟದಲ್ಲಿ ನಮ್ಮನ್ನು ಉಳಿಸಿದ್ದೂ ಅದೇ ಪಂಪ್. ಅದನ್ನು ಬಿಡಿ ಅಂತ ನಾನು ಅಂಗಳದಲ್ಲಿ ಕೂತು ಹೇಳುತ್ತಿದ್ದೆ. ಹೇಳಲು ಕಷ್ಟವಾಯಿತು.

ನಿಧಾನಕ್ಕೆ ಲಯ ಸಿಕ್ಕಿತು. ಒತ್ತಿ, ಹಿಡಿದೆ, ಬಿಡಿ. ಒತ್ತಿ, ಹಿಡಿದೆ, ಬಿಡಿ. ಡಿಕಾಕ್ಷನ್ ಬಣ್ಣ ಟೀ ಬಣ್ಣವಾಯಿತು. ಟೀ ಬಣ್ಣ ಹೊಂಗೆ ಎಣ್ಣೆಯ ಬಣ್ಣವಾಯಿತು. ಕೊನೆಗೆ ಹೊಸ ದ್ರವದ ತೆಳು ಹಳದಿ. ಪೈಪಿನೊಳಗೆ ಹಳೆಯದು ಮುಗಿದು ಹೊಸದು ಬರುವ ಗೆರೆ ಇದೆಯಲ್ಲ, ಅದು ಜರುಗುವುದನ್ನು ನೋಡುತ್ತಾ ನಾನು ಹೊತ್ತು ಮರೆತೆ.

ಮರೆತದ್ದು ಹೊತ್ತನ್ನು ಮಾತ್ರ ಅಲ್ಲ. ಮೂರನೇ ಚಕ್ರದಲ್ಲಿ ಇರುವಾಗ ಪೈಪಿನಲ್ಲಿ ಸಡನ್ನಾಗಿ ದೊಡ್ಡ ಗುಳ್ಳೆ ಬಂತು. ಓಡಿ ಹೋಗಿ ಬಾನೆಟ್ ಕೆಳಗೆ ನೋಡಿದರೆ ಡಬ್ಬಿ ಖಾಲಿ. ಐದಾರು ಒತ್ತಿಗೊಂದು ಸಲ ಡಬ್ಬಿ ನೋಡಿ ತುಂಬಬೇಕು, ಮಿನಿಮಮ್ ಗೆರೆಗಿಂತ ಕೆಳಗೆ ಬಿಡಬಾರದು. ಈ ಕೆಲಸದಲ್ಲಿ ಮೊದಲು ಕಲಿಯುವ ನಿಯಮ ಅದು. ತಪ್ಪಿದ್ದು ನಾನು. ಮೇಲಿನಿಂದ ಗಾಳಿ ಒಳಗೆ ಹೋಗಿತ್ತು.

ಎಬಿಎಸ್ ಇಲ್ಲದ ಕಾರಾಗಿದ್ದರೆ ಇದೇನು ದೊಡ್ಡದಲ್ಲ. ಮತ್ತೆ ತುಂಬಿಸಿ, ಮತ್ತೆ ನಾಲ್ಕೂ ಚಕ್ರ ಬ್ಲೀಡ್ ಮಾಡಿದರೆ, ಅಂದರೆ ಹೀಗೇ ನಿಪ್ಪಲ್‌ನಿಂದ ದ್ರವವನ್ನೂ ಗಾಳಿಯನ್ನೂ ಹೊರಬಿಟ್ಟರೆ ಮುಗಿಯಿತು. ಹಾಗೇ ಮಾಡಿದೆವು. ಸಂಜೆಯಾಯಿತು, ಎರಡನೇ ಬಾಟಲಿಯೂ ಮುಗಿಯುತ್ತಾ ಬಂತು. ನಿಪ್ಪಲ್‌ಗಳಲ್ಲಿ ಗುಳ್ಳೆ ಇಲ್ಲ. ಆದರೂ ಪೆಡಲ್ ಅರ್ಧ ದಾರಿ ಹೋಗಿ ಮೆತ್ತಗೆ ನಿಲ್ಲುತ್ತಿತ್ತು, ನೆನೆದ ಸ್ಪಂಜಿನ ಹಾಗೆ.

ಮಾಸ್ಟರ್ ಸಿಲಿಂಡರಿಗೂ ಚಕ್ರಗಳಿಗೂ ನಡುವೆ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಕೂತಿರುತ್ತದೆ. ನಮ್ಮ ಕಾರಿನದು ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಬೆಳ್ಳಿ ಬಣ್ಣದ ಪೈಪುಗಳು ಸುತ್ತ. ಅದೇ ಎಬಿಎಸ್. ಒಂದೊಂದು ಚಕ್ರಕ್ಕೆ ಎರಡೆರಡು ವಾಲ್ವ್, ಒಟ್ಟು ಎಂಟು. ದಿನನಿತ್ಯದ ಬ್ರೇಕಿನಲ್ಲಿ ಒಳಬರುವ ವಾಲ್ವ್ ತೆರೆದೇ ಇರುತ್ತದೆ, ದ್ರವ ನೇರ ಚಕ್ರಕ್ಕೆ ಹೋಗುತ್ತದೆ. ಹೊರಬಿಡುವ ವಾಲ್ವ್ ಮುಚ್ಚಿರುತ್ತದೆ. ಚಕ್ರ ಲಾಕ್ ಆಗುವ ಹಂತಕ್ಕೆ ಬಂದಿದೆ ಅಂತ ಸೆನ್ಸರ್ ಹೇಳಿದ ಕ್ಷಣ ಒಳಬರುವುದು ಮುಚ್ಚಿ, ಹೊರಬಿಡುವುದು ತೆರೆದು, ಆ ಚಕ್ರದ ಒತ್ತಡ ಒಂದು ಸಣ್ಣ ಕೋಶಕ್ಕೆ ಇಳಿಯುತ್ತದೆ. ಪಂಪ್ ಅದನ್ನು ಎತ್ತಿ ಮತ್ತೆ ಮೇಲಕ್ಕೆ ಕಳಿಸುತ್ತದೆ. ಇದು ಸೆಕೆಂಡಿಗೆ ಹತ್ತು ಹದಿನೈದು ಸಲದವರೆಗೂ ನಡೆಯುತ್ತದೆ. ಕಾಲಡಿ ಪೆಡಲ್ ನಡುಗುವುದು ಈ ವಾಪಸ್ ಬರುವ ದ್ರವದಿಂದಲೇ.

ನಮ್ಮೂರ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟೆಗೆ ತಾವೇ ತೆರೆದು ತಾವೇ ಮುಚ್ಚುವ ಗೇಟುಗಳನ್ನು ಹಾಕಿಸಿದ್ದರು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ನೀರು ಮಟ್ಟ ಮೀರಿದರೆ ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ, ಪಕ್ಕದಲ್ಲಿ ಯಾರೂ ನಿಲ್ಲಬೇಕಿಲ್ಲ. ಎಬಿಎಸ್ ಅನ್ನು ಅಪ್ಪನಿಗೆ ನಾನು ಹೇಳಿದ್ದು ಈ ಗೇಟುಗಳ ಲೆಕ್ಕದಲ್ಲೇ. ‘ಅಂದರೆ ಪಂಪ್ ಹೊಡೆಯೋ ಕೆಲಸ ಆ ಪೆಟ್ಟಿಗೆ ಮಾಡುತ್ತೆ’ ಅಂದರು. ನಾನು ಒಂದು ಗಂಟೆಯಿಂದ ಹೇಳಲು ಒದ್ದಾಡುತ್ತಿದ್ದದ್ದು ಅದೇ.

ತೊಂದರೆ ಇರುವುದು ಆ ಮುಚ್ಚಿದ ವಾಲ್ವಿನ ಆಚೆ. ಡಬ್ಬಿ ಖಾಲಿಯಾಗದೆ ಬರೀ ದ್ರವ ಬದಲಿಸಿದರೆ ಮನೆಯ ಬ್ಲೀಡಿಂಗ್ ಧಾರಾಳವಾಗಿ ಸಾಕು. ಕೋಶದಲ್ಲಿ, ಪಂಪಿನಲ್ಲಿ ಒಂದಿಷ್ಟು ಹಳೆಯದು ಉಳಿಯುತ್ತದೆ, ಅಷ್ಟೇ. ಆದರೆ ಆ ಪೆಟ್ಟಿಗೆಯ ಸಂದುಗೊಂದಿಗೆ ಗಾಳಿ ಹೊಕ್ಕರೆ, ಕಾಲಿನಿಂದ ಎಷ್ಟು ಒತ್ತಿದರೂ ಅದು ಪೂರ್ತಿ ಹೊರಗೆ ಬರುವ ಭರವಸೆ ಇಲ್ಲ. ವಾಲ್ವುಗಳನ್ನು ಯಾರಾದರೂ ತೆರೆಸಬೇಕು, ಪಂಪನ್ನು ಓಡಿಸಬೇಕು. ಅದಕ್ಕೆ ಕಾರಿಗೆ ಸಿಕ್ಕಿಸಿ ಆ ಪೆಟ್ಟಿಗೆಗೆ ಆಜ್ಞೆ ಕೊಡುವ ಸ್ಕ್ಯಾನರ್ ಬೇಕು. ಖಾಲಿ ಜಾಗದಲ್ಲಿ ಓಡಿಸಿ ಜೋರಾಗಿ ಬ್ರೇಕ್ ಹಾಕಿ ಎಬಿಎಸ್ ಕೆಲಸ ಮಾಡಿಸಿ, ಬಂದು ಮತ್ತೆ ಬ್ಲೀಡ್ ಮಾಡುವವರೂ ಇದ್ದಾರೆ. ಪೆಡಲ್ ಗಟ್ಟಿ ಇದ್ದರೆ ಅದು ಬೇರೆ ಮಾತು. ಮೆತ್ತಗಿರುವ ಬ್ರೇಕ್ ಹಿಡಿದು ರಸ್ತೆಗೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ.

‘ನಿಧಾನಕ್ಕೆ ಹೋಗೋಣ, ಎರಡು ಕಿಲೋಮೀಟರ್ ತಾನೇ ಗ್ಯಾರೇಜು’ ಅಂದರು ಅಪ್ಪ. ನಾನು ಬೀಗದ ಕೈ ಕೊಡಲಿಲ್ಲ. ಆ ಎರಡು ಕಿಲೋಮೀಟರಿನಲ್ಲಿ ಒಂದು ಶಾಲೆ ಇದೆ, ಸಂತೆ ಬೀದಿ ಇದೆ. ನಮ್ಮ ಬ್ರೇಕಿನ ಮುಂದೆ ದಾಟುವ ಮಗುವಿಗೆ ನಾವು ಮನೆಯಲ್ಲಿ ಏನು ಕಲಿಯುತ್ತಿದ್ದೆವು ಅಂತ ಗೊತ್ತಿರುವುದಿಲ್ಲ. ಅಪ್ಪ ಒಂದು ನಿಮಿಷ ಸುಮ್ಮನಿದ್ದು ‘ಸರಿ, ಗ್ಯಾರೇಜಿನ ಹುಡುಗನನ್ನೇ ಕರೆಸು’ ಅಂದರು.

ಮಾರನೇ ದಿನ ಸ್ಕ್ಯಾನರ್ ಇರುವ ಹುಡುಗ ಬೈಕಿನಲ್ಲಿ ಬಂದ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ವೈರ್ ಸಿಕ್ಕಿಸಿದ. ಸಿಟ್ಟು ಮಾಡದೆ, ನಗದೆ, ಎಲ್ಲಿ ಗಾಳಿ ಹೋಯಿತು ಅಂತ ಮಾತ್ರ ಕೇಳಿದ. ಡಬ್ಬಿಗೆ ತುಂಬ ಹೊಸ ದ್ರವ ಸುರಿಸಿದ. ಅಪ್ಪ ಪೆಡಲ್ ಮೇಲೆ, ನಾನು ಮುಂದಿನ ಎಡ ಚಕ್ರದ ಹತ್ತಿರ.

‘ಅಪ್ಪಾಜಿ, ಒತ್ತಿ ಹಿಡ್ಕೊಳ್ಳಿ. ಕಾಲಡಿ ಏನಾದರೂ ಆಗಲಿ, ಬಿಡಬೇಡಿ.’

ಪೆಟ್ಟಿಗೆಯೊಳಗೆ ಟಕ್ ಅಂತು. ಆಮೇಲೆ ಟಕಟಕ ಅಂತ ವಾಲ್ವುಗಳು, ಅದರ ಹಿಂದೆಯೇ ಗುರ್ ಅಂತ ಪಂಪ್. ನಾನು ನಿಪ್ಪಲ್ ಸಡಿಲಿಸಿದೆ. ಪೈಪಿನಲ್ಲಿ ಮೊದಲು ತಿಳಿ ದ್ರವ. ಆಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ, ಅದರ ಬಾಲಕ್ಕೆ ಇನ್ನೊಂದು, ಆಮೇಲೆ ಒಂದರ ಹಿಂದೆ ಒಂದು ಏಳೆಂಟು. ಕೊನೆಗೆ ಹಾಲಿನ ನೊರೆಯ ಹಾಗೆ ಬೆಳ್ಳಗಿನ ಒಂದು ತುಣುಕು, ಅದರೊಳಗೆ ಕಪ್ಪು ಎಳೆ. ನಿನ್ನೆ ಇಡೀ ದಿನ ಒತ್ತಿದರೂ ಬಾರದ ಹಳೆಯ ದ್ರವ ಅದು, ಆ ಕೋಶದ ಮೂಲೆಯದು. ಒಂದು ಚಮಚವೂ ಇರಲಿಲ್ಲ. ನಾನು ಪೈಪನ್ನು ಬೆಳಕಿಗೆ ಹಿಡಿದು ನೋಡಿದೆ. ನನ್ನ ಕೈಗೆ ಎಟುಕದೆ ಇದ್ದದ್ದು ಇಷ್ಟೇ. ನಾಲ್ಕೂ ಚಕ್ರ ಮುಗಿದ ಮೇಲೆ ಪೆಡಲ್ ಕಾಲು ಭಾಗ ಇಳಿದು ಕಲ್ಲಿನ ಹಾಗೆ ನಿಂತಿತು. ಅಪ್ಪ ಎರಡು ನಿಮಿಷ ಒತ್ತಿ ಹಿಡಿದರು. ಒಂದು ಕೂದಲೆಳೆಯೂ ಇಳಿಯಲಿಲ್ಲ.

ಹಳೆಯ ದ್ರವವನ್ನು ಚರಂಡಿಗೆ ಸುರಿಯಬೇಡಿ. ಅದು ವಿಷ. ಮುಚ್ಚಳ ಬಿಗಿ ಮಾಡಿ, ಮೇಲೆ ದಪ್ಪಗೆ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಟ್ಟೆವು, ಆಮೇಲೆ ಆ ಹುಡುಗನೇ ಗ್ಯಾರೇಜಿಗೆ ತೆಗೆದುಕೊಂಡು ಹೋದ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿದು ತೊಳೆಯಬೇಕು. ಒರೆಸುತ್ತಾ ಕೂತರೆ ಬಣ್ಣವೇ ಎದ್ದು ಬರುತ್ತದೆ.

ಊರ ಹೊರಗೆ ಸೈಟು ಮಾಡಿ ಬಿಟ್ಟ ಒಂದು ಬಡಾವಣೆ ಇದೆ. ರಸ್ತೆಗಳಿವೆ, ಕಲ್ಲು ನೆಟ್ಟಿದ್ದಾರೆ, ಮನೆ ಒಂದೂ ಎದ್ದಿಲ್ಲ. ರಸ್ತೆ ಮೇಲೆ ಸಣ್ಣ ಜಲ್ಲಿ ಹರಡಿದೆ. ನಾಲ್ಕೈದು ಸಲ ಮೆಲ್ಲಗೆ ಓಡಿಸಿ, ನಿಲ್ಲಿಸಿ, ಚಕ್ರಗಳ ಹತ್ತಿರ ಬಗ್ಗಿ ಎಲ್ಲೂ ಸೋರುತ್ತಿಲ್ಲ ಅಂತ ನೋಡಿ, ಆಮೇಲೆ ಅಪ್ಪನಿಗೆ ಸೀಟು ಬಿಟ್ಟುಕೊಟ್ಟೆ. ಹಿಂದೆ ಮುಂದೆ ಯಾರೂ ಇಲ್ಲ. ‘ನಲವತ್ತಕ್ಕೆ ತನ್ನಿ. ಆ ಕಲ್ಲಿನ ಹತ್ತಿರ ಜೋರಾಗಿ ಒತ್ತಿ, ಹಿಡಿದುಕೊಳ್ಳಿ’ ಅಂದೆ.

ಒತ್ತಿದರು. ಜಲ್ಲಿ ಕರಕರ ಅಂತು, ಪೆಡಲ್ ನಡುಗಿತು, ಅಪ್ಪನ ಕಾಲು ಥಟ್ಟನೆ ಮೇಲೆ ಬಂತು. ಕಾರು ಮುಂದಕ್ಕೆ ಉರುಳಿತು. ‘ಒದೀತು ಕಣಮ್ಮ’ ಅಂದರು.

‘ಅದೇ ಪೆಟ್ಟಿಗೆ, ಅಪ್ಪ. ನಿಮ್ಮ ಬದಲು ಅದು ಪಂಪ್ ಹೊಡೀತಿದೆ.’

ಏನೂ ಹೇಳದೆ ಕಾರು ತಿರುಗಿಸಿದರು. ಮತ್ತೆ ರಸ್ತೆಯ ಆ ತುದಿಗೆ ಹೋದರು. ನಲವತ್ತು. ಕಲ್ಲು ಬಂತು. ಒತ್ತಿದರು. ನಡುಕ ಅವರ ಮಂಡಿಯವರೆಗೂ ಬಂದದ್ದು ನನಗೆ ಕಾಣಿಸಿತು. ಸ್ಟೀರಿಂಗ್ ನೆಟ್ಟಗಿತ್ತು, ಕಾರು ನೆಟ್ಟಗೆ ನಿಂತಿತು. ಧೂಳು ನಮ್ಮನ್ನು ದಾಟಿ ಮುಂದೆ ಹೋಯಿತು. ಅಪ್ಪನ ಕಾಲು ಇನ್ನೂ ಪೆಡಲ್ ಮೇಲೇ ಇತ್ತು.

‘ಹಿಡಿದೆ’ ಅಂದರು.